ಟೀವಿಯಲ್ಲಿ ಒತ್ತಿಸಿಕೊಂಡ ಹೆಬ್ಬೆಟ್ಟು

ಮೊನ್ನೆ ಚಳ್ಳಕೆರೆಯ ಬ್ಯಾಂಕಿನಲ್ಲಿ ಸಾಲಿನಲ್ಲಿ ನಿಂತಿದ್ದೆ. ಮುಂದಿದ್ದ ಮುದುಕಿ ತಿರುಗಿ ನನ್ನ ಮುಖ ನೋಡಿದಳು. ಇನ್ನೊಂದು ಸಲ ನೋಡಿದಳು. ಆಮೇಲೆ ತನ್ನ ಬಲಗೈ ಹೆಬ್ಬೆಟ್ಟನ್ನು ಮೆಲ್ಲಗೆ ಸೆರಗಿನೊಳಗೆ ಸೇರಿಸಿಕೊಂಡಳು. ಧಾರಾವಾಹಿ ಮುಗಿದು ಎಷ್ಟು ವರ್ಷವಾಯಿತೋ, ನನ್ನ ಮೀಸೆಯೂ ಬೆಳ್ಳಗಾಯಿತು, ಆದರೂ ತಿಂಗಳಿಗೊಂದಾದರೂ ಇಂಥದ್ದು ಆಗಲೇಬೇಕು. ಆಗದಿದ್ದರೆ ಜನ ಮರೆತೇಬಿಟ್ಟರೇನೋ ಅಂತ ನನಗೇ ಬೇಜಾರಾಗುತ್ತೆ.

ವಿಷಯ ಏನಪ್ಪಾ ಅಂದರೆ, ನಾನು ಚಳ್ಳಕೆರೆಯ ಒಂದು ಶೇಂಗಾ ಎಣ್ಣೆ ಮಿಲ್ಲಿನಲ್ಲಿ ತೂಕದ ಗುಮಾಸ್ತನಾಗಿದ್ದೆ. ರಜೆ ಸಿಕ್ಕಾಗ ನಾಟಕದ ಹುಚ್ಚು. ಬೆಂಗಳೂರಿನಿಂದ ಧಾರಾವಾಹಿ ತೆಗೆಯುವವರು ನಮ್ಮ ಕಡೆ ಬಂದಿದ್ದಾಗ, ಹಸಿ ಶೇಂಗಾ ಚೀಲ ತಂದ ರೈತನೊಬ್ಬನ ಮೇಲೆ ನಾನು ಕಣ್ಣು ಬಿಡ್ತಿದ್ದುದನ್ನು ಡೈರೆಕ್ಟರು ನೋಡಿದರು. "ನನಗೆ ಈ ಕಣ್ಣೇ ಬೇಕು" ಅಂದರು. ಹದಿಮೂರು ವಾರದ ಧಾರಾವಾಹಿ. ನನ್ನದು ಕೆಟ್ಟ ಅಣ್ಣನ ಪಾತ್ರ. ಎಂಟನೇ ವಾರ, ಜ್ವರ ಬಂದು ಮಲಗಿರೋ ತಂಗಿಯ ಪಕ್ಕ ಕೂತು, "ಅಣ್ಣನ ಮೇಲೆ ನಂಬಿಕೆ ಇಲ್ವೇನಮ್ಮಾ?" ಅಂತ ತಲೆ ಸವರಿ, ಅವಳ ಹೆಬ್ಬೆಟ್ಟಿಗೆ ಇಂಕು ಬಳಿದು, ಖಾಲಿ ಹಾಳೆಗೆ ಒತ್ತಿಸಿಕೊಂಡು ಹೊಲ ಮನೆ ಎಲ್ಲ ನುಂಗಿಹಾಕ್ತೀನಿ.

ಆ ವಾರ ಇಡೀ ಓಣಿ ನಮ್ಮ ಪಕ್ಕದ ಮನೆ ಟೀವಿ ಮುಂದೆ ಕೂತಿತ್ತು. ಹೆಬ್ಬೆಟ್ಟು ಹಾಳೆಗೆ ತಾಗಿದ್ದೇ ತಡ, ನನ್ನ ಸ್ವಂತ ಅವ್ವ ಎದ್ದು ಬಂದು ನನ್ನ ಬೆನ್ನಿಗೆ ಗುದ್ದಿದಳು.

"ಜ್ವರ ಬಂದು ಮಲಗಿರೋ ಕೂಸಿನ ಕೈ ಹಿಡೀತೀಯೇನೋ ಮುಂಡೇದೇ!"

"ಅವ್ವಾ, ಅದು ಆಕ್ಟಿಂಗು!"

"ಆಕ್ಟಿಂಗೋ ಗೀಕ್ಟಿಂಗೋ, ಊರೆಲ್ಲ ನೋಡ್ತಲ್ಲೋ. ಮೂವತ್ತು ತುಂಬ್ತಾ ಬಂತು. ಇನ್ನು ನಿಂಗೆ ಹೆಣ್ಣು ಕೊಡೋರು ಯಾರ್ಲೇ?"

ಅವ್ವ ಕೇಳಿದ ಆ ಪ್ರಶ್ನೆಯೇ ಮುಂದೆ ಮೂರು ವರ್ಷ ನನ್ನ ಬೆನ್ನು ಬಿಡಲಿಲ್ಲ. ಮಿಕ್ಕಿದ್ದಕ್ಕೆಲ್ಲ ನಗ್ತಿದ್ದೆ, ಅದೊಂದಕ್ಕೆ ಮಾತ್ರ ಒಳಗೊಳಗೇ ಹೆದರಿದ್ದೆ. ಸುಳ್ಳು ಯಾಕೆ ಹೇಳಲಿ.

ಪರಶುರಾಂಪುರದ ಬಸ್ಸು

ಎಂಟನೇ ವಾರ ಮುಗಿದ ಮಾರನೇ ದಿನ ಮಿಲ್ಲಿನ ಕೆಲಸದ ಮೇಲೆ ಪರಶುರಾಂಪುರಕ್ಕೆ ಹೊರಟೆ. ಬಸ್ಸು ತುಂಬಾ ಸಂತೆಗೆ ಹೋಗೋ ಹೆಂಗಸರು. ಈರುಳ್ಳಿ ಚೀಲ ಮಡಿಲಲ್ಲಿಟ್ಟುಕೊಂಡ ಒಬ್ಬಾಕೆ ಪಕ್ಕ ಜಾಗ ಇತ್ತು, ಕೂತೆ. ಆಕೆ ನನ್ನ ನೋಡಿದವಳೇ ಹೆಬ್ಬೆಟ್ಟನ್ನು ಒಳಗೆ ಮಡಚಿ ಮುಷ್ಟಿ ಕಟ್ಟಿದಳು. ಮುಂದಿನ ಸೀಟಿನವಳ ಬೆನ್ನಿಗೆ ತಿವಿದಳು. ಅವಳೂ ತಿರುಗಿ ನೋಡಿ ಮುಷ್ಟಿ ಕಟ್ಟಿದಳು. ಒಬ್ಬರಿಂದ ಒಬ್ಬರಿಗೆ ಸುದ್ದಿ ಹೋಗಿ, ಬಸ್ಸು ಊರು ದಾಟೋದರೊಳಗೆ ಮೂವತ್ತು ಜನ ಹೆಂಗಸರು ಮುಷ್ಟಿ ಬಿಗಿ ಹಿಡಿದು ಕೂತಿದ್ದರು.

ಕಂಡಕ್ಟರು ಬಂದ. "ಟಿಕೆಟ್, ಟಿಕೆಟ್. ದುಡ್ಡು ತೆಗೀರವ್ವಾ."

ಒಬ್ಬಳೂ ಕೈ ಬಿಚ್ಚಲಿಲ್ಲ.

"ಏನ್ರವ್ವಾ ಇದು? ಕೈ ಬಿಚ್ರಿ!"

"ಮೊದ್ಲು ಅವನ್ನ ಇಳಿಸು. ಆಮ್ಯಾಲೆ ಬಿಚ್ತೀವಿ" ಅಂದಳು ಈರುಳ್ಳಿಯವಳು.

ಕಂಡಕ್ಟರು ನನಗೆ ಗೊತ್ತಿದ್ದವನೇ. ಬಸ್ಸು ನಿಲ್ಲಿಸಿ ನನ್ನ ಹತ್ತಿರ ಬಂದು ಕೈ ಮುಗಿದ. "ಅಣ್ಣಾ, ಹೊಟ್ಟೆಪಾಡು. ದಯವಿಟ್ಟು ಮ್ಯಾಲೆ ಹತ್ತಿಬಿಡು."

ಟಾಪಿನ ಮೇಲೆ ಎರಡು ಕುರಿ ಕಟ್ಟಿದ್ದರು. ಪರಶುರಾಂಪುರ ಬರೋವರೆಗೂ ಅವುಗಳ ನಡುವೆ ಕೂತು ಹೋದೆ. ಕುರಿಗಳು ಮಾತ್ರ ಒಂಚೂರೂ ಗಾಬರಿಯಾಗಲಿಲ್ಲ. ಅವಕ್ಕೆ ಹೆಬ್ಬೆಟ್ಟಿಲ್ಲವಲ್ಲ.

ಹಿಂಡಿ ಗೋಡೌನು

ಮಿಲ್ಲಿನಲ್ಲೂ ಇದೇ ಕಥೆ. ಶೇಂಗಾ ತೂಗಿಸಿದ ರೈತ ತೂಕದ ಚೀಟಿಗೆ ಸಹಿ ಹಾಕಬೇಕು, ಸಹಿ ಬಾರದಿದ್ದರೆ ಹೆಬ್ಬೆಟ್ಟು. ಇಂಕ್ ಪ್ಯಾಡು ನನ್ನ ಮೇಜಿನ ಮೇಲೆ. ನಾನು ಪ್ಯಾಡು ಮುಂದಕ್ಕೆ ತಳ್ಳಿದರೆ ರೈತ ಒಂದು ಹೆಜ್ಜೆ ಹಿಂದಕ್ಕೆ.

"ನೀನೇ ಒತ್ಕೊಳಪ್ಪಾ. ನಿಂಗೆ ಅಭ್ಯಾಸ ಐತಲ್ಲ" ಅಂದ ಒಬ್ಬ.

ಮಾಲೀಕರು ಕರೆದರು. "ನಿನ್ನ ಕಂಡು ಗಾಡಿಗಳು ಪಕ್ಕದ ಮಿಲ್ಲಿಗೆ ತಿರುಗ್ತಾ ಅವೆ. ಈ ಧಾರಾವಾಹಿ ಮುಗಿಯೋವರೆಗೂ ಹಿಂಡಿ ಗೋಡೌನಿನಾಗೆ ಇರು. ಅಲ್ಲಿ ಯಾರ ಸಹೀನೂ ಬೇಕಾಗಲ್ಲ" ಅಂದರು. ನಮ್ಮ ಮಾಲೀಕರು ಒಳ್ಳೆಯವರು, ಬೈಯಲಿಲ್ಲ. ನನ್ನ ಹೆಗಲ ಮೇಲೆ ಕೈ ಹಾಕಿ, ನಗ್ತಾ ಮಾತಾಡಿ, ಟೀ ತರಿಸಿಕೊಟ್ಟರು. ಹಾಗೇ ಮಾತಾಡ್ತಾ ಮಾತಾಡ್ತಾ ತಮ್ಮ ಮೇಜಿನ ಮೇಲಿದ್ದ ಇಂಕ್ ಪ್ಯಾಡನ್ನು ಎತ್ತಿ ಡ್ರಾಯರಿನೊಳಗಿಟ್ಟು ಬೀಗ ಹಾಕಿಕೊಂಡರು.

ಸಾಕ್ಷಿ

ಅವ್ವ ಹೆಣ್ಣು ಹುಡುಕೋದು ಬಿಡಲಿಲ್ಲ. ಎರಡು ಕಡೆಯವರು ನನ್ನ ಮುಖ ನೋಡಿ ಜಾತಕ ವಾಪಸು ಕೊಟ್ಟರು. ಮೂರನೇ ಸಲ ಅವ್ವ ಒಂದು ಉಪಾಯ ಮಾಡಿದಳು. ನನಗೊಬ್ಬಳು ನಿಜವಾದ ತಂಗಿ ಇದ್ದಾಳೆ, ಆಗ ಪಿಯುಸಿ ಓದ್ತಿದ್ದಳು. ಅವಳನ್ನೇ ಸಾಕ್ಷಿ ಅಂತ ಕರ್ಕೊಂಡು ಹೊರಟಳು. "ತಂಗಿ ಕಣ್ಣೆದುರಿಗೆ ಗುಂಡುಕಲ್ಲಿನಂಗೆ ಇದ್ರೆ ಯಾರೇನಂತಾರೆ?"

ಹೋದೆವು. ಚಾಪೆ ಹಾಸಿದರು, ಉಪ್ಪಿಟ್ಟು ಕೊಟ್ಟರು. ಹುಡುಗಿಯ ಅಪ್ಪ ಮಳೆ ಬೆಳೆ ಅಂತ ಚೆನ್ನಾಗಿ ಮಾತಾಡಿದ. ಅಷ್ಟರಲ್ಲಿ ಅಡುಗೆಮನೆಯಿಂದ ಹುಡುಗಿಯ ದೊಡ್ಡವ್ವ ಇಣುಕಿ ನೋಡಿದಳು. "ಅಯ್ಯೋ ಶಿವನೇ, ಇವನಾ!" ಅಂದಳು. ನನ್ನ ಕೈಯಲ್ಲಿದ್ದ ಉಪ್ಪಿಟ್ಟು ಕೈಯಲ್ಲೇ ಉಳೀತು.

ಅವ್ವ ತಕ್ಷಣ ತಂಗಿಯನ್ನು ಮುಂದಕ್ಕೆ ನೂಕಿದಳು. "ನೋಡ್ರೀ, ಇವಳೇ ಇವನ ತಂಗಿ. ಚೆನ್ನಾಗವಳೆ. ಬೇಕಾದ್ರೆ ಕೇಳ್ಕೊಳ್ರಿ."

ದೊಡ್ಡವ್ವ ನನ್ನ ತಂಗಿಯ ಕೈ ಹಿಡಿದು ಒಳಗೆ ಕರ್ಕೊಂಡು ಹೋದಳು. ಗೋಡೆಯಾಚೆಯಿಂದ ಎಲ್ಲಾ ಕೇಳಿಸ್ತಿತ್ತು.

"ಹೆದರಬ್ಯಾಡ ಮಗಾ. ನಿಜ ಹೇಳು. ನಿಮ್ಮಣ್ಣ ನಿಂದು ಏನಾದ್ರೂ ಕಿತ್ಕೊಂಡವನಾ?"

ಈಗ ಇಲ್ಲೊಂದು ಮಾತು ಹೇಳಬೇಕು. ಹಿಂದಿನ ದಿನ ಮನೆಯಲ್ಲಿ ಹೋಳಿಗೆ ಮಾಡಿದ್ದರು. ತಂಗಿ ಕಾಲೇಜಿನಿಂದ ಬಂದು ತಿನ್ನೋಣ ಅಂತ ಡಬ್ಬಿಯಲ್ಲಿ ಮೂರು ಎತ್ತಿಟ್ಟಿದ್ದಳು. ನಾನು ತಿಂದುಬಿಟ್ಟಿದ್ದೆ. ಅವಳ ಸಿಟ್ಟು ಇನ್ನೂ ಇಳಿದಿರಲಿಲ್ಲ.

"ಕಿತ್ಕೊಂಡವನೆ" ಅಂದಳು ನನ್ನ ತಂಗಿ. "ನಾನು ಮನೆಯಾಗಿಲ್ದೇ ಇರೋದು ನೋಡ್ಕೊಂಡು ಎಲ್ಲಾ ನುಂಗಿಬಿಟ್ಟ ರೀ. ಒಂದೂ ಬಿಡ್ಲಿಲ್ಲ."

ಆ ಜಾತಕವೂ ವಾಪಸು ಬಂತು. ಬಸ್ಸು ಹತ್ತಿದ ಮೇಲೆ ಅವ್ವ ನಮ್ಮಿಬ್ಬರಿಗೂ ಒಂದೊಂದು ಕೊಟ್ಟಳು. ನನಗೆ ಜೋರಾಗಿ ಬಿತ್ತು.

ಒಳ್ಳೆಯ ಅಣ್ಣ

ಹೆಸರು ಸರಿ ಮಾಡ್ಕೊಳ್ಳೋಕೆ ಒಂದು ದಾರಿ ಸಿಕ್ಕಿತು. ಪರಶುರಾಂಪುರದ ಆಚೆ ಒಂದು ಹಳ್ಳಿಯವರು ಶಾಲೆ ಕಟ್ಟಡದ ಸಹಾಯಕ್ಕೆ ನಾಟಕ ಇಟ್ಟುಕೊಂಡಿದ್ದರು. "ಟೀವಿ ಕಲಾವಿದರು ಬಂದ್ರೆ ಜನ ಸೇರ್ತಾರೆ" ಅಂತ ಕರೆದರು. ನಾನು ಒಂದೇ ಷರತ್ತು ಹಾಕಿದೆ: ಒಳ್ಳೆಯ ಅಣ್ಣನ ಪಾತ್ರ ಕೊಡಬೇಕು. ಕೊಟ್ಟರು. ತಂಗಿಗೋಸ್ಕರ ಸರ್ವಸ್ವ ತ್ಯಾಗ ಮಾಡುವ ಅಣ್ಣ. ಕೊನೆಯ ದೃಶ್ಯದಲ್ಲಿ ಮನೆಯ ಪತ್ರವನ್ನೇ ತಂಗಿಯ ಕೈಗಿಟ್ಟು ಊರು ಬಿಟ್ಟು ಹೋಗ್ತಾನೆ. ಎರಡು ವಾರ ಮಾತು ಬಾಯಿಪಾಠ ಮಾಡಿ, ಕಣ್ಣೀರು ಬರಿಸೋದು ಕಲಿತೆ.

ಸಂಜೆ ಶಾಲೆ ಬಯಲಿನಲ್ಲಿ ನಾಟಕ. ಆ ಊರಲ್ಲಿ ಮುಕ್ಕಾಲು ಪಾಲು ಕುರಿ ಸಾಕೋರು. ಕುರಿಗಳನ್ನು ರೊಪ್ಪದ ಬೇಲಿಯೊಳಗೆ ಕೂಡಿ, ಕಂಬಳಿ ಹಾಸಿಕೊಂಡು ಕೂತಿದ್ದರು. ನಾನು ರಂಗದ ಮೇಲೆ ಬಂದಾಗ ಒಂದಷ್ಟು ಗುಸುಗುಸು ಆಯಿತು, ತಡ್ಕೊಂಡೆ. ಕೊನೆಯ ದೃಶ್ಯ ಬಂತು. ಕಣ್ಣಲ್ಲಿ ನೀರು ತುಂಬಿಕೊಂಡು ಜೇಬಿನಿಂದ ಕಾಗದ ತೆಗೆದೆ.

"ತಗೋ ತಂಗೀ. ಈ ಮನೆ ಇನ್ನು ಮುಂದೆ ನಿನ್ನದು. ಇಲ್ಲೊಂದು ಸಹಿ ಹಾಕು."

ಜನರ ನಡುವಿನಿಂದ ಒಬ್ಬ ಮುದುಕ ಎದ್ದು ನಿಂತ. "ಓದಿಸ್ದೇ ಹಾಕಬ್ಯಾಡವ್ವಾ!"

ನಾನು ಕೇಳಿಸದವನ ಹಾಗೆ ಮುಂದಿನ ಮಾತು ಶುರು ಮಾಡಿದೆ. ಮುದುಕ ಬಿಡಲಿಲ್ಲ. ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಸೀದಾ ರಂಗ ಹತ್ತಿ ಬಂದು, ನನ್ನ ಕೈಯಿಂದ ಕಾಗದ ಕಿತ್ಕೊಂಡ. ಮುಂದಿನ ಸಾಲಿನಲ್ಲಿ ಕೂತಿದ್ದ ಮೇಷ್ಟ್ರಿಗೆ ಕೊಟ್ಟ. "ಜೋರಾಗಿ ಓದ್ರಿ ಮೇಷ್ಟ್ರೇ. ನಾಕು ಜನಕ್ಕೆ ಕೇಳ್ಲಿ."

ಮೇಷ್ಟ್ರು ಕನ್ನಡಕ ಹಾಕಿಕೊಂಡರು. ನಾಟಕದವರು ಕೈಗೆ ಸಿಕ್ಕಿದ ಯಾವುದೋ ಕಾಗದ ಮಡಚಿ ನನಗೆ ಕೊಟ್ಟಿದ್ದರು. ಮೇಷ್ಟ್ರು ಓದಿದರು: "ಕುರಿಗಳಿಗೆ ಜಂತು ಔಷಧಿ ಕುಡಿಸುವ ವಿಧಾನ. ಮೊದಲು ಕುರಿಯ ಬಾಯಿಯನ್ನು ಅಗಲಿಸಿ..."

ಮುದುಕ ಜನರ ಕಡೆ ತಿರುಗಿದ. "ಕೇಳಿದ್ರಾ! ಮನೆ ಪತ್ರ ಅಂತ ಹೇಳಿ ಜಂತಿನ ಔಷಧಿ ಕಾಗದಕ್ಕೆ ಸಹಿ ಹಾಕಿಸ್ತಾವನೆ! ಟೀವಿಯೋರು ಸುಳ್ಳು ತೋರಿಸ್ತಾರಾ ಮತ್ತೆ?"

ತಂಗಿ ಪಾತ್ರದ ಹುಡುಗಿಯೂ ಸಹಿ ಹಾಕದೆ ಪರದೆ ಹಿಂದಕ್ಕೆ ಹೋದಳು. ಅಣ್ಣ ಊರು ಬಿಟ್ಟು ಹೋಗೋ ದೃಶ್ಯ ಮಾತ್ರ ತುಂಬಾ ಸಹಜವಾಗಿ ಬಂತು ಅಂತ ಎಲ್ಲರೂ ಹೇಳಿದರು.

ಹಾರ ಹಾಕಿದ ಫೋಟೋ

ಅದಾದ ಮೇಲೆ ಬೆಂಗಳೂರಿನಿಂದ ಇನ್ನೊಂದು ಧಾರಾವಾಹಿಗೆ ಕರೆ ಬಂತು. ದೊಡ್ಡ ಪಾತ್ರ, ಇಡೀ ಧಾರಾವಾಹಿ ತುಂಬಾ ಇರ್ತೀರಿ ಅಂದರು. ಹೊಸ ಷರ್ಟು ಹೊಲಿಸಿಕೊಂಡು ಹೋದೆ. ಒಂದು ಫೋಟೋ ತೆಗೆದರು, ಚೌಕಟ್ಟು ಹಾಕಿ ಗೋಡೆಗೆ ನೇತುಹಾಕಿ ಗಂಧದ ಹಾರ ಹಾಕಿದರು. "ನೀವು ನಾಯಕನ ತೀರಿಹೋದ ಅಪ್ಪ. ಪ್ರತಿ ವಾರ ಬರ್ತೀರಿ" ಅಂದರು. ಹೇಳಿದ ಮಾತಿಗೆ ತಪ್ಪಲಿಲ್ಲ, ಪ್ರತಿ ವಾರವೂ ಬಂದೆ.

ಮೊದಲ ವಾರ ತೋರಿಸಿದ ಮಾರನೇ ಬೆಳಿಗ್ಗೆ ನಮ್ಮ ಓಣಿಯ ನಲ್ಲಿ ಹತ್ತಿರ ಕೊಡ ಹಿಡಿದು ನಿಂತಿದ್ದೆ. ಮುಂದಿದ್ದ ಇಬ್ಬರು ಮುದುಕಿಯರು ಹಿಂದೆ ನೋಡಲಿಲ್ಲ.

"ಅಂತೂ ಹೋದ ನೋಡು."

"ಹೋಗ್ದೆ ಏನು? ಆ ತಂಗಿ ಕಣ್ಣೀರು ಸುಮ್ನೆ ಬಿಡ್ತದಾ?"

"ಹೊಲ ಹೊತ್ಕೊಂಡು ಹೋದ್ನಾ?"

ನಾನು ಕೆಮ್ಮಿದೆ. ಇಬ್ಬರೂ ತಿರುಗಿದರು. ಒಬ್ಬಳು ಕೊಡ ಬಿಟ್ಟು ಓಡಿದಳು, ಇನ್ನೊಬ್ಬಳು ಮುಷ್ಟಿ ಕಟ್ಟಿಕೊಂಡು ಓಡಿದಳು. ನಲ್ಲಿಯಲ್ಲಿ ಅವತ್ತು ನನಗೆ ಸರದಿ ಬೇಗ ಸಿಕ್ಕಿತು. ಅವ್ವ ಮಾತ್ರ ತಲೆ ಮೇಲೆ ಕೈ ಹೊತ್ತು ಕೂತಳು. "ಬದುಕಿದ್ದಾಗ್ಲೇ ಯಾರೂ ಕೊಡ್ಲಿಲ್ಲ. ಈಗ ಸತ್ತೋನಿಗೆ ಹೆಣ್ಣು ಕೇಳಾಕೆ ಯಾವ ಮುಖ ಇಟ್ಕೊಂಡು ಹೋಗ್ಲಿ?"

ಸ್ಲೇಟು

ಆಗ ಸಾಕ್ಷರತಾ ಆಂದೋಲನದ ಕಾಲ. ಅದರ ಸಾಹೇಬರೊಬ್ಬರು ಜೀಪಿನಲ್ಲಿ ಮಿಲ್ಲಿಗೇ ಬಂದರು. "ಹೆಂಗಸರು ತರಗತಿಗೆ ಬರ್ತಿಲ್ಲ. ನಿಮ್ಮಿಂದ ಒಂದು ಉಪಕಾರ ಆಗ್ಬೇಕು" ಅಂದರು.

"ಹಾಡು ಹೇಳ್ಬೇಕಾ? ಭಾಷಣ ಮಾಡ್ಬೇಕಾ?"

"ಏನೂ ಬೇಡ. ಒಂದು ಕೈಯಲ್ಲಿ ಬಿಳಿ ಹಾಳೆ, ಇನ್ನೊಂದು ಕೈಯಲ್ಲಿ ಇಂಕ್ ಪ್ಯಾಡು ಹಿಡ್ಕೊಂಡು ಸುಮ್ನೆ ನಿಂತ್ಕೊಳ್ರಿ."

ಮೊದಲು ಮೊಳಕಾಲ್ಮೂರು ತಾಲೂಕಿನ ರಾಂಪುರದ ಕಡೆ ಹೋದೆವು. ಹೆಂಗಸರನ್ನು ಸೇರಿಸಿ ಸಾಹೇಬರು ಹೇಳಿದರು: "ನೋಡ್ರವ್ವಾ, ಸಹಿ ಕಲಿತರೆ ಇವನು ನಿಮ್ಮನ್ನೇನೂ ಮಾಡೋಕಾಗಲ್ಲ. ಕಲೀದಿದ್ರೆ..." ಅಂತ ನನ್ನ ಕಡೆ ಕೈ ತೋರಿಸಿದರು. ನಾನು ಮೆಲ್ಲಗೆ ನಕ್ಕು, "ಅಣ್ಣನ ಮೇಲೆ ನಂಬಿಕೆ ಇಲ್ವೇನಮ್ಮಾ?" ಅಂದೆ. ಅಷ್ಟೇ. ತಂದಿದ್ದ ಸ್ಲೇಟು ಅವತ್ತೇ ಖಾಲಿಯಾದವು. ಹದಿನೈದು ದಿನ ಬಿಟ್ಟು ಹೋದರೆ ಆ ಊರಿನ ಹೆಂಗಸರು ಸಾಲಾಗಿ ಬಂದು ನನ್ನ ಮುಖಕ್ಕೆ ಸ್ಲೇಟು ಹಿಡಿದು ತಮ್ಮ ಹೆಸರು ತೋರಿಸ್ತಿದ್ದರು. "ಈಗೇನ್ ಮಾಡ್ತೀಯೋ ಮಾಡು ನೋಡಾಣ!"

ಹೀಗೆ ಮೊಳಕಾಲ್ಮೂರಿಗೂ ಹೋದೆವು. ರೇಷ್ಮೆ ಸೀರೆ ನೇಯುವವರ ಓಣಿ. ಮನೆ ಮನೆಯಲ್ಲೂ ಮಗ್ಗದ ಸದ್ದು. ಒಂದು ಮನೆ ಜಗುಲಿಯ ಮೇಲೆ ತರಗತಿ. ಪಾಠ ಹೇಳೋಳು ಆ ಮನೆಯ ಮಗಳು. ನನ್ನನ್ನೂ ನನ್ನ ಕೈಯ ಇಂಕ್ ಪ್ಯಾಡನ್ನೂ ನೋಡಿ ಅವಳು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಆ ಎಂಟನೇ ವಾರದಿಂದ ಈಚೆಗೆ ನನ್ನ ಮುಖ ನೋಡಿ ನಕ್ಕ ಮೊದಲ ಹೆಣ್ಣು ಅವಳು. ನಿಜ ಹೇಳ್ತೀನಿ, ಅಲ್ಲೇ ಬಿದ್ದೆ.

ಆಮೇಲೆ ಮೊಳಕಾಲ್ಮೂರಿನ ತರಗತಿಗೆ ನನ್ನ ಅಗತ್ಯ ಇದೆಯೋ ಇಲ್ಲವೋ ವಾರವಾರವೂ ಹೋಗ್ತಿದ್ದೆ. ಅಲ್ಲಿ ಮೊದಲ ಸಾಲಿನಲ್ಲಿ ಒಬ್ಬಳು ಅಜ್ಜಿ ಕೂರ್ತಿದ್ದಳು, ಆ ಹುಡುಗಿಯ ಅಪ್ಪನ ತಾಯಿ. ಎಪ್ಪತ್ತು ದಾಟಿದ ಜೀವ. ಒಂದು ಕಣ್ಣು ಸ್ಲೇಟಿನ ಮೇಲೆ, ಇನ್ನೊಂದು ಕಣ್ಣು ನನ್ನ ಮೇಲೆ. ಎಲ್ಲರಿಗಿಂತ ಮೊದಲು ಕಾಗುಣಿತ ಮುಗಿಸಿದವಳು ಅವಳೇ. ಅಷ್ಟು ಶ್ರದ್ಧೆ ಯಾಕೆ ಅಂತ ಸಾಹೇಬರು ಕೇಳಿದರೆ, ಅಜ್ಜಿ ಬಳಪದ ತುದಿಯಿಂದ ನನ್ನನ್ನು ತೋರಿಸಿದಳಂತೆ.

ಅಜ್ಜಿಯ ಷರತ್ತು

ಕೊನೆಗೊಂದು ದಿನ ಧೈರ್ಯ ಮಾಡಿ ಕೇಳೇಬಿಟ್ಟೆ, ಹುಡುಗಿ ಒಪ್ಪಿದಳು. ಅವ್ವನನ್ನು ಕರ್ಕೊಂಡು ಹೆಣ್ಣು ಕೇಳೋಕೆ ಹೋದೆ. ಸಾಕ್ಷಿಯನ್ನು, ಅಂದರೆ ತಂಗಿಯನ್ನು, ಈ ಸಲ ಮನೆಯಲ್ಲೇ ಬಿಟ್ಟಿದ್ದೆವು. ಹುಡುಗಿಯ ಅಪ್ಪ ಮಗ್ಗದ ಗುಂಡಿಯಿಂದ ಎದ್ದು ಬಂದು ಕೈ ಒರೆಸಿಕೊಂಡು ಹೇಳಿದರು: "ನಂದೇನೂ ಅಡ್ಡಿಯಿಲ್ಲ. ನಮ್ಮವ್ವ ಹೂಂ ಅನ್ಬೇಕು."

ಆ ಅಜ್ಜಿಗೆ ಸಿಟ್ಟು ಬರೋದು ತೆಲುಗಿನಲ್ಲಿ, ಸಮಾಧಾನ ಆಗೋದು ಕನ್ನಡದಲ್ಲಿ. ಆಂಧ್ರದ ಗಡಿಯ ಕಡೆ ಅದು ಮಾಮೂಲು. "ನಾ ಮನವರಾಲಿನಿ ವೀಡಿಕಾ ಇಚ್ಚೇದಿ?" ಅಂತ ಶುರು ಮಾಡಿದಳು, ನನ್ನ ಮೊಮ್ಮಗಳನ್ನು ಇವನಿಗಾ ಕೊಡೋದು ಅಂತ. ಅಲ್ಲಿಂದ ಕಾಲು ಗಂಟೆ ತೆಲುಗಲ್ಲೇ ಹೋಯಿತು. ಅವ್ವನಿಗೆ ಅರ್ಥವಾಗಲಿಲ್ಲ, ಆದರೂ ನನ್ನ ಕಡೆ ನೋಡಿ ತಲೆ ಆಡಿಸ್ತಿದ್ದಳು. ನಾನು ತಲೆ ಬಗ್ಗಿಸಿ ಕೂತಿದ್ದೆ. ಇದೂ ಹೋಯಿತು ಅಂದುಕೊಂಡೆ.

ಅಜ್ಜಿ ಎದ್ದು ಒಳಗೆ ಹೋದಳು. ತರಗತಿಯ ಇಂಕ್ ಪ್ಯಾಡು, ಒಂದು ಬಿಳಿ ಹಾಳೆ ತಂದು ನನ್ನ ಮುಂದಿಟ್ಟಳು. ಕನ್ನಡಕ್ಕೆ ತಿರುಗಿದಳು.

"ಒತ್ತು."

"ಅಜ್ಜೀ, ನಂಗೆ ಸಹಿ ಬರ್ತದೆ."

"ನಿಂಗೆ ಏನೇನು ಬರ್ತದೆ ನಂಗೊತ್ತು. ಹೆಬ್ಬೆಟ್ಟು ಒತ್ತು."

"ಇದರಾಗೆ ಏನೂ ಬರೆದೇ ಇಲ್ವಲ್ಲಾ?"

"ಬೇಕಾದಾಗ ಬರ್ಕೊಂತೀನಿ. ನಂಗೀಗ ಬರೆಯಾಕೆ ಬರ್ತದೆ." ಅಜ್ಜಿ ನನ್ನ ತಲೆ ಸವರಿದಳು. "ಯಾಕಪ್ಪಾ, ಅಜ್ಜಿ ಮ್ಯಾಲೆ ನಂಬಿಕೆ ಇಲ್ವೇನು?"

ಬಾಗಿಲ ಹಿಂದೆ ಹುಡುಗಿ ನಕ್ಕಿದ್ದು ಕೇಳಿಸಿತು. ಒತ್ತಿದೆ. ಅಜ್ಜಿ ಹಾಳೆಗೆ ಊದಿ ಒಣಗಿಸಿ, ಮಡಚಿ, ತನ್ನ ಎಲೆ ಅಡಿಕೆ ಚೀಲದೊಳಗೆ ಇಟ್ಟುಕೊಂಡಳು. ಮುಂದಿನ ತಿಂಗಳು ಮದುವೆಯಾಯಿತು. ಮಾವನೇ ನೇಯ್ದ ಸೀರೆ ಉಟ್ಟು ನನ್ನ ಹೆಂಡತಿ ಹಸೆಮಣೆ ಮೇಲೆ ಕೂತಾಗ ನನಗೆ ನಗು ತಡೆಯೋಕೇ ಆಗಲಿಲ್ಲ, ಅಷ್ಟು ಖುಷಿ. ಅವ್ವ ಮಾತ್ರ ಸಿಕ್ಕಸಿಕ್ಕ ನೆಂಟರಿಗೆಲ್ಲ ಹೇಳ್ತಿದ್ದಳು: "ಖಾಲಿ ಹಾಳೆಗೆ ಒತ್ತಿ ಬಂದವನೆ ನಮ್ಮ ದಡ್ಡ. ಇವನೇನು ಇನ್ನೊಬ್ರಿಗೆ ಮೋಸ ಮಾಡ್ತಾನೆ?"

ಮದುವೆಯಾದ ಮೇಲೆ ಮನೆಯಲ್ಲಿ ನಾನು ಗೆದ್ದ ಜಗಳ ಒಂದೂ ಇಲ್ಲ. ದನಿ ಎತ್ತಿದರೆ ಸಾಕು, ಹೆಂಡತಿ, "ಅಜ್ಜಿಗೆ ಹೇಳಿ ಹಾಳೆ ತುಂಬಿಸ್ಲಾ?" ಅಂತಿದ್ದಳು.

ಹಾಳೆಯಲ್ಲಿ ಬರೆದದ್ದು

ಕೆಲವು ವರ್ಷ ಕಳೀತು. ತಂಗಿಯನ್ನು ರಾಂಪುರಕ್ಕೆ ಕೊಟ್ಟಿದ್ದೆವು. ಹೊಲ ಬಿಟ್ಟು ಎಲ್ಲಿಗೂ ಬಾರದಿದ್ದ ನಮ್ಮಪ್ಪ ತೀರಿಕೊಂಡ. ನಾಲ್ಕು ಎಕರೆ ಹೊಲ ಉಳೀತು. ಖಾತೆ ಮಾಡಿಸಬೇಕು ಅಂದಾಗ ಎಲ್ಲರೂ ಒಂದೇ ಬುದ್ಧಿ ಹೇಳಿದರು. ತಂಗಿ ಹತ್ತಿರ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸ್ಕೊ, ನನಗೆ ಪಾಲು ಬೇಡ ಅಂತ ಬರೆಸ್ಕೊ, ಮುಗೀತು. ಯಾರು ಹೇಳಿದ್ದು ಅಂತೀರಿ? ನನ್ನನ್ನು ಕುರಿಗಳ ಜೊತೆ ಕೂರಿಸಿದ ಅದೇ ಕಂಡಕ್ಟರು. "ಎಲ್ಲಾರೂ ಮಾಡೋದೇ ಕಣಣ್ಣ. ನಾನೂ ನಮ್ಮಕ್ಕಂದು ಒತ್ತಿಸ್ಕೊಂಡೆ. ಒಂದು ಸೀರೆ ಕೊಟ್ಟು ಊಟ ಹಾಕಿಸ್ದೆ."

ವಿಚಾರಿಸಿದೆ. ತೂಕದ ಚೀಟಿಗೆ ಒತ್ತಲ್ಲ ಅಂದ ರೈತ ತನ್ನ ಇಬ್ಬರು ತಂಗಿಯರದ್ದು ಒತ್ತಿಸ್ಕೊಂಡಿದ್ದ. ಇಂಕ್ ಪ್ಯಾಡಿಗೆ ಬೀಗ ಹಾಕಿದ ಮಾಲೀಕರು ಮೂವರದ್ದು ಒತ್ತಿಸ್ಕೊಂಡಿದ್ದರು. ಇವರಿಗೂ ನನಗೂ ಇದ್ದ ವ್ಯತ್ಯಾಸ ಇಷ್ಟೇ, ಇವರು ಟೀವಿಯಲ್ಲಿ ಬಂದಿರಲಿಲ್ಲ.

ನಾನೇನು ದೊಡ್ಡ ಮನುಷ್ಯನಲ್ಲ. ನನಗೂ ಒಂದು ಘಳಿಗೆ ಆಸೆ ಆಯಿತು, ಆ ಬಿಡುಗಡೆ ಪತ್ರ ಬರೆಸಿಟ್ಟೆ. ತಂಗಿಗೆ ಹೇಳಿ ಕಳಿಸಿದೆ, ಅವಳು ಬಂದಳು. ನಾನು ಬಾಯಿ ಬಿಡೋದರೊಳಗೆ ಅವಳೇ, "ಎಲ್ಲಿ ಹಾಕ್ಬೇಕು ಹೇಳಣ್ಣ, ಹಾಕ್ತೀನಿ. ಎಲ್ಲಾ ಹೆಣ್ಮಕ್ಳೂ ಹಾಕ್ತಾರೆ" ಅಂದಳು. "ಓದಲ್ವಾ?" ಅಂದೆ. "ನಿನ್ ಮ್ಯಾಲೆ ನಂಬಿಕೆ ಇಲ್ವಾ ನಂಗೆ?" ಅಂದುಬಿಟ್ಟಳು. ಆ ಮಾತು ಹೇಳೋನು ನಾನಾಗಿದ್ದೆ, ಅವಳಲ್ಲ. ನನ್ನ ಕಣ್ಣಲ್ಲಿ ನೀರು ಬಂತು, ಈ ಸಲ ಎರಡು ವಾರ ಅಭ್ಯಾಸ ಮಾಡದೇನೇ. ಪತ್ರ ಬರೆಯೋನ ಹತ್ತಿರ ಹೋಗಿ ಪತ್ರ ಬದಲಾಯಿಸಿ ಬರೆಸಿದೆ.

ನಾನು ತಂಗಿಯನ್ನು ಕರ್ಕೊಂಡು ಚಳ್ಳಕೆರೆಯ ರಿಜಿಸ್ಟರ್ ಆಫೀಸಿಗೆ ಹೋಗ್ತೀನಿ ಅನ್ನೋ ಸುದ್ದಿ ಮಾತ್ರ ಮೊಳಕಾಲ್ಮೂರಿಗೆ ಮುಟ್ಟಿತು. ಬೆಳಗಿನ ಮೊದಲ ಬಸ್ಸಿಗೇ ಅಜ್ಜಿ ಇಳಿದು ಸೀದಾ ಆಫೀಸಿಗೇ ಬಂದಳು. ಕನ್ನಡಕ, ಎಲೆ ಅಡಿಕೆ ಚೀಲ, ಮುಖದ ತುಂಬಾ ತೆಲುಗು.

"ದೊರಿಕಿನಾಡು!" ಅಂದಳು, ಸಿಕ್ಕಿಬಿದ್ದ ಅಂತ. ತಂಗಿಯ ಕೈ ಹಿಡಿದು ಹಿಂದಕ್ಕೆ ಎಳೆದು, ಗುಮಾಸ್ತನ ಮುಂದಿದ್ದ ಪತ್ರ ಎತ್ಕೊಂಡಳು. "ನಾನು ಓದೋವರೆಗೂ ಯಾರೂ ಸಹಿ ಹಾಕಂಗಿಲ್ಲ."

ಅಜ್ಜಿ ಓದಿದಳು. ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು, ಗಟ್ಟಿಯಾಗಿ. "ಪೂ... ರ್ವ... ಕ್ಕೆ... ಹ... ಳ್ಳ." ಹಿಂದೆ ಸಾಲು ಬಾಗಿಲಾಚೆಗೆ ಬೆಳೀತು. ಗುಮಾಸ್ತ ಗಡಿಯಾರ ನೋಡಿದ. ಆಫೀಸರು ಒಂದು ಟೀ ಕುಡಿದರು, ಇನ್ನೊಂದು ತರಿಸಿದರು. ಹೊಲದ ಪಶ್ಚಿಮ, ಉತ್ತರ, ದಕ್ಷಿಣದ ಎಲ್ಲೆ ಎಲ್ಲಾ ಮುಗಿಯೋ ಹೊತ್ತಿಗೆ ಸಾಲಿನಲ್ಲಿದ್ದವರೂ ಅಜ್ಜಿಯ ಜೊತೆ ಅಕ್ಷರ ಕೂಡಿಸ್ತಿದ್ದರು. ಕೊನೆಗೆ ಒಂದು ಕಡೆ ಬೆರಳು ನಿಂತಿತು.

"ಸ... ಮ... ಪಾ... ಲು."

ಮತ್ತೊಂದು ಸಲ ಓದಿದಳು. ಮೂರನೇ ಸಲ ಮನಸ್ಸಿನೊಳಗೇ ಓದಿಕೊಂಡಳು. ಕನ್ನಡಕ ತೆಗೆದು ನನ್ನ ಮುಖ ನೋಡಿದಳು.

"ಎರಡು ಎಕರೆ ಅವಳಿಗಾ?"

"ಹೂಂ ಅಜ್ಜಿ."

"ನೀನೇ ಬರೆಸಿದ್ದಾ?"

"ಹೂಂ."

ಅಜ್ಜಿ ಪತ್ರವನ್ನು ತಂಗಿಯ ಮುಂದಿಟ್ಟಳು. ತಂಗಿ ಅಳ್ತಾ ಸಹಿ ಹಾಕಿದಳು. ಅಜ್ಜಿ ಹೊರಗಿನ ಬೆಂಚಿನ ಮೇಲೆ ಕೂತು ಎಲೆ ಅಡಿಕೆ ಚೀಲ ಬಿಚ್ಚಿದಳು. ಅಡಿಯಿಂದ ಒಂದು ಹಾಳೆ ಹೊರಗೆ ಬಂತು. ಸುಣ್ಣದ ಕಲೆ ಹತ್ತಿ ಹಳದಿಯಾಗಿತ್ತು, ಕೆಳಗೆ ನನ್ನ ಹೆಬ್ಬೆಟ್ಟು ಮಾತ್ರ ಹಂಗೇ ಇತ್ತು. ಗುಮಾಸ್ತನ ಹತ್ತಿರ 'ಪೆನ್ನು ಕೊಡಪ್ಪಾ' ಅಂತ ಇಸ್ಕೊಂಡು ಬರೆಯೋಕೆ ಶುರು ಮಾಡಿದಳು.

ನನಗೆ ಬೆವರು ಕಿತ್ಕೊಂಡು ಬಂತು. ಉಳಿದ ಎರಡು ಎಕರೆ ಯಾರಿಗೆ ಹೋಗ್ತದೋ! ಅರ್ಧ ಗಂಟೆ ಬರೆದಳು. ಬರೆದು ಮುಗಿಸಿ, ನನ್ನ ಕೈಗೆ ಕೊಡದೆ, ಎರಡು ತುದಿ ಗಟ್ಟಿಯಾಗಿ ಹಿಡಿದು ನನ್ನ ಮುಖದ ಮುಂದೆ ಹಿಡಿದಳು. ಜೋಳದ ಕಾಳಿನಷ್ಟು ದಪ್ಪ ದಪ್ಪ ಅಕ್ಷರ:

'ಇವನು ಟೀವಿಯಲ್ಲಿ ಮಾತ್ರ ಕೆಟ್ಟವನು. ಮನೆಯಲ್ಲಿ ಒಳ್ಳೆಯವನು. ನಾನು ಓದಿ ನೋಡಿದ್ದೇನೆ.'

ಕೆಳಗೆ ನನ್ನ ಹೆಬ್ಬೆಟ್ಟು. ಪಕ್ಕದಲ್ಲಿ ಸಾಕ್ಷಿ ಅಂತ ಅಜ್ಜಿಯ ಸಹಿ, ಪೂರ್ತಿ ಹೆಸರು, ಒಂದು ಕೊಂಬೂ ತಪ್ಪಿರಲಿಲ್ಲ. ಇಷ್ಟು ವರ್ಷ ನಟನೆ ಮಾಡಿ ಒಂದೂ ಪ್ರಶಸ್ತಿ ಬಂದಿರಲಿಲ್ಲ, ಇದು ಬಂತು.

"ಕೊಡಜ್ಜಿ" ಅಂತ ಕೈ ಚಾಚಿದೆ. "ಚೌಕಟ್ಟು ಹಾಕಿಸಿ ಗೋಡೆಗೆ ಹಾಕ್ತೀನಿ."

ಅಜ್ಜಿ ಹಾಳೆಯನ್ನು ಫಟ್ಟನೆ ಮಡಚಿ ಚೀಲದೊಳಗೆ ತುರುಕಿ, ದಾರ ಎಳೆದು ಗಂಟು ಹಾಕಿದಳು.

"ನಿನ್ನ ಕೈಗೆ ಕಾಗದ ಕೊಡೋದಾ? ನಾನೇನು ಆ ಟೀವಿ ತಂಗಿ ಅಂದ್ಕೊಂಡ್ಯಾ?"